ಎಳೆ ಸಿಗುವವರೆಗೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಒಂಬತ್ತೂವರೆಗೆ ಕರೆಂಟು ಹೋಯಿತು, ಬಂತು.
ನಡುವೆ ಆರೇ ನಿಮಿಷ.
ಅಷ್ಟರಲ್ಲಿ ಯುಪಿಎಸ್ಸಿನ ಮುದಿ ಬ್ಯಾಟರಿ
ಮೂರು ಸಲ ಕೀಚುಗುಟ್ಟಿ ಕಣ್ಣು ಮುಚ್ಚಿತ್ತು.

ಯಂತ್ರ ಎದ್ದಿತು. ಏಳುವುದೇನೋ ಚೆನ್ನಾಗಿಯೇ ಏಳುತ್ತದೆ;
ಕಪ್ಪು ತೆರೆಯ ಮೇಲೆ ಹಸಿರು ಓಕೆಗಳು
ಇರುವೆ ಸಾಲಿನ ಹಾಗೆ ಹತ್ತಿ ಹೋಗುತ್ತವೆ.
ನಡುವೆ ಒಂದೇ ಒಂದು ಕೆಂಪು:
ಹರಾಜು ಸೇವೆ, ವಿಫಲ.

ಹೊರಗೆ ನಾನೂರ ಹನ್ನೆರಡು ಲಾಟು.
ಹಳದಿ ಗೂಡು, ಬಿಳಿ ಗೂಡು.
ಒಳಗೆ ಮಲಗಿದ ಹುಳುವಿಗೆ ಯಾರೂ ಗಡಿಯಾರ ಕೊಟ್ಟಿಲ್ಲ,
ಆದರೂ ತೂತು ಕೊರೆಯುವ ದಿನ ಅದಕ್ಕೆ ಗೊತ್ತು.
ರೀಲರುಗಳು ಮೊಬೈಲು ಹಿಡಿದು ನಿಂತಿದ್ದಾರೆ,
ಹೆಬ್ಬೆರಳು ಗಾಳಿಯಲ್ಲಿ.
ದಿಬ್ಬೂರಹಳ್ಳಿಯ ಪಿಳ್ಳಮ್ಮ ಕಿಟಕಿಗೆ ಮುಖವಿಟ್ಟು,
‘ಏನಮ್ಮಾ ಅಲಮೇಲು,
ನಿನ್ ಡಬ್ಬ ಇನ್ನೂ ಹಲ್ಲುಜ್ತಾ ಐತಾ?’

ಕೈಯಿಂದ ಮತ್ತೆ ಶುರು ಮಾಡಿದರೆ ನಡೆಯುತ್ತದೆ.
ನನಗೆ ಸಿಟ್ಟು ಬರುವುದೇ ಅದಕ್ಕೆ.
ಅದೇ ಫೈಲು, ಅದೇ ತಂತಿ, ಅದೇ ನಾನು,
ಬರೀ ಹನ್ನೊಂದು ಸೆಕೆಂಡು ತಡವಾಗಿ.

ಬರೆದಿದ್ದೆನಲ್ಲ ಫೈಲಿನಲ್ಲಿ, ನೆಟ್‌ವರ್ಕಿನ ಆಮೇಲೆ ಏಳು ಅಂತ!
ನೆಟ್‌ವರ್ಕು ಎದ್ದೆ ಎನ್ನುತ್ತದೆ,
ವಿಳಾಸ ಮಾತ್ರ ಇನ್ನೂ ಕೈಗೆ ಬಂದಿರುವುದಿಲ್ಲ.
ಇಲಿಯಾಸ್ ಸಾಬರು ಚೇರು ಎಳೆದುಕೊಂಡು ಕೂತರು.
ಮೂವತ್ತು ವರ್ಷ ಬಿಸಿನೀರಲ್ಲಿ ಅದ್ದಿದ ಬೆರಳು,
ತುದಿಗಳಲ್ಲಿ ಗೆರೆಯೇ ಉಳಿದಿಲ್ಲ.
‘ಒಲೆ ಹಚ್ಚಿದೆ ಅಂದ್ರೆ ನೀರು ಕಾದಿದೆ ಅಂತಲ್ಲಮ್ಮ.
ಆವಿ ನೋಡಿ ಗೂಡು ಸುರಿಯೋನು ಹೊಸಬ.
ಬ್ರಶ್ಶು ಆಡಿಸು. ಎಳೆ ತುದಿ ಸಿಕ್ತಾ?
ಸಿಕ್ರೆ ಕಾದಿದೆ.’

ಸಂಜೆ ಮಾರುಕಟ್ಟೆ ಗುಡಿಸಿದ ಮೇಲೆ ಫೈಲು ತೆರೆದೆ.
ನೆಟ್‌ವರ್ಕ್ ಎಂಬಲ್ಲಿ ನೆಟ್‌ವರ್ಕ್-ಆನ್‌ಲೈನ್ ಎಂದು ತಿದ್ದಿದೆ.
ಸಾಲಲಿಲ್ಲ.
ಆಫ್ಟರ್ ಎಂದರೆ ಬರೀ ಸರದಿ:
ಇಂಥವರ ಹಿಂದೆ ನಿಲ್ಲು.
ಆ ಇಂಥವರು ಸಾಲಿಗೇ ಬಾರದ ದಿನ
ಅದು ಯಾರ ಹಿಂದೆಯೂ ಅಲ್ಲ, ನೇರ ನುಗ್ಗುತ್ತದೆ.
ಅವರನ್ನು ಕರೆಯಲು ಬೇರೆ ಸಾಲೇ ಬೇಕು.
ವಾಂಟ್ಸ್.
ಬೇಕು.

ಏಳು ವರ್ಷದಿಂದ ಗುತ್ತಿಗೆಯಲ್ಲಿದ್ದೇನೆ.
ಖಾಯಂ ಮಾಡುತ್ತೇವೆ, ಬಜೆಟ್ಟಿನ ಆಮೇಲೆ, ಎನ್ನುತ್ತಾರೆ.
ಚುನಾವಣೆಯ ಆಮೇಲೆ. ಹೊಸ ಸಾಹೇಬರು ಬಂದ ಆಮೇಲೆ.
ಬೇಕು ಎಂದು
ನಾನೂ ಒಂದು ಸಾಲು ಬರೆದು ಕೊಟ್ಟವಳಲ್ಲ.

ಮತ್ತೆ ಚಾಲೂ ಮಾಡಿದೆ.
ಯಂತ್ರ ಈಗ ಕಾಯುತ್ತದೆ. ಕಾಯುತ್ತದೆ. ಕಾಯುತ್ತಲೇ ಇದೆ,
ಎರಡು ನಿಮಿಷ, ಆಮೇಲೆ ಸೋತು ಕೈಚೆಲ್ಲಿತು.
ಹಿಂದೆ ಹೋಗಿ ಬಗ್ಗಿ ನೋಡಿದರೆ
ಅದಕ್ಕೆ ಎರಡು ಕಿಂಡಿ. ಒಂದರಲ್ಲಿ ನೀಲಿ ತಂತಿ.
ಇನ್ನೊಂದರ ಬಾಯಲ್ಲಿ ಜೇಡ ಸಂಸಾರ ಹೂಡಿತ್ತು.
ಬಾರದ ಅದೊಬ್ಬರಿಗಾಗಿ
ಎಲೆ ಹಾಕದೆ ಕೂತ ಮದುವೆ ಮನೆ!
ಯಾರಾದರೂ ಒಬ್ಬರು ಬಂದರೆ ಸಾಕು
ಎಂದು ಬರೆದೆ.
ಬಿದ್ದರೆ ಹತ್ತು ಸೆಕೆಂಡು ಬಿಟ್ಟು ಮತ್ತೆ ಏಳು
ಎಂದೂ ಬರೆದೆ, ಏಕೆಂದರೆ ಕೋಡಿಯ ಆಚೆ ಕೇಬಲ್ಲು ಅಗೆಯುವವರ ಮೇಲೆ
ನನಗೆ ನಂಬಿಕೆಯಿಲ್ಲ.

ಕೊನೆಗೊಂದು ಹ್ಯಾಷ್ ಒತ್ತಿ,
ಯಂತ್ರ ಓದದೆ ದಾಟಿ ಹೋಗುವ ಸಾಲೊಂದು ಸೇರಿಸಿದೆ:
ಆವಿ ನೋಡಬೇಡಿ, ಎಳೆ ನೋಡಿ. ಇಲಿಯಾಸ್ ಸಾಬ್, ಬೇಸಿನ್ ನಂಬರ್ ಆರು.
ಯಾರಾದರೂ ಓದಿಯಾರು.

ಶುಕ್ರವಾರ ಮತ್ತೆ ಕರೆಂಟು ಹೋಯಿತು, ಬಂತು.
ಹಸಿರು ಸಾಲು ಏರುತ್ತಾ ಏರುತ್ತಾ
ಒಂದು ಕಡೆ ನಿಂತಿತು.
ಹನ್ನೊಂದು ಸೆಕೆಂಡು ಎಂದರೆ ಕಡಿಮೆಯಲ್ಲ.
ಗೂಡಿನ ವಾಸನೆ, ಫ್ಯಾನಿನ ಕಿರುಗುಡು,
ನನ್ನ ಕೈಯಲ್ಲಿ ಬಿಳಿ ಹಾಳೆ, ಅದರ ಮೇಲೆ
‘ಮಾನ್ಯರೇ’ ಎಂಬಷ್ಟೇ.

ಕಿಟಕಿಯಲ್ಲಿ ಪಿಳ್ಳಮ್ಮನ ಮುಖ:
‘ಇವತ್ತು ಕೆಟ್ಟಿಲ್ವಾ?
ಟೀ ಕುಡ್ದು ಬರಾನ ಅಂದ್ಕೊಂಡಿದ್ದೆ.’