ಹುರುಪೆ

ನೆಗೊಂಬೋ ಕಡಲ ದಂಡೆಯಲ್ಲಿ
ತೆಂಗಿನ ನಾರಿನ ಚಾಪೆ ಹಾಸಿ
ಸೀಳಿದ ಮೀನನ್ನು ಬಿಸಿಲಿಗೆ ಮಲಗಿಸುವವಳು ನಾನು,
ಅಸುಂತಾ.
ಮೂವತ್ತು ವರ್ಷ ಕಾಗೆ ಓಡಿಸಿದ್ದೇನೆ.
ಈಗ ನನ್ನ ಮೊಣಕೈಯಿಂದಲೇ
ಬೆಳ್ಳನೆಯ ಹುರುಪೆ ಉದುರುತ್ತದೆ.
ಉಪ್ಪೋ ನಾನೋ
ಚಾಪೆಗೆ ಗೊತ್ತಾಗುವುದಿಲ್ಲ.

ಕೊಳ್ಳುವವರಿಗೆ ಗೊತ್ತಾಗುತ್ತದೆ.
ಕಾಸು ಕೊಡುವಾಗ ಅವರ ಬೆರಳು
ನನ್ನ ಅಂಗೈಗಿಂತ ಒಂದು ಗೇಣು ಮೇಲೆಯೇ ನಿಲ್ಲುತ್ತದೆ,
ನಾಣ್ಯ ಬೀಳುತ್ತದೆ.
ಇದು ಅಂಟುವ ರೋಗವಲ್ಲ ಎಂದು
ಆಸ್ಪತ್ರೆಯ ಎಳೆ ಡಾಕ್ಟರಮ್ಮ ಬರೆದುಕೊಟ್ಟ ಚೀಟಿ
ರವಿಕೆಯೊಳಗೆ ಬೆವರಿ ಹರಿದುಹೋಯಿತು.

ಬಸ್ಸು ಹತ್ತಿ ಮಿನುವಂಗೊಡಕ್ಕೆ ಹೋದೆ,
ಗುಣತಿಲಕ ವೆದಮಹತ್ತಯರ ಜಗಲಿಗೆ.
ಕನ್ನಡಕ ಹಣೆಗೇರಿಸಿ
ಓಲೆಗರಿ ಓದುವಂತೆ ನನ್ನ ಬೆನ್ನು ಓದಿದರು.
"ಹಿಂದಿನವರು ಇದನ್ನು
ಮೀನಿನ ಹುರುಪೆಗೆ ಹೋಲಿಸಿದ್ದಾರಮ್ಮ."
ನನಗೆ ನಗು ಬಂತು.
ಹಿಂದಿನವರು ನನ್ನನ್ನು ಯಾವಾಗ ನೋಡಿದ್ದರು?
"ಏನು ಕೆಲಸ?"
ಹೇಳಿದೆ.
ಪೆನ್ನಿಗೆ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

ಬಾಯಿ ಕಟ್ಟಬೇಕು, ಅಂದರು.
ಒಣಮೀನು ಬೇಡ, ಹಸಿಮೀನೂ ಬೇಡ.
ಹುಳಿ, ಮೊಸರು, ಬದನೆ ಬೇಡವೇ ಬೇಡ.
ಉಪ್ಪು, ಕಣ್ಣಿಗೆ ಕಾಣದಷ್ಟು.
ಬೆಳಗ್ಗೆ ಒಂದೆಲಗ ಅರೆದ ಹಸಿರು ಗಂಜಿ,
ಮಧ್ಯಾಹ್ನ ಕೆಂಪಕ್ಕಿ, ಹೆಸರುಬೇಳೆ, ಪಡವಲ,
ಇರುಳು ಬೇಗ, ಅರೆಹೊಟ್ಟೆ.
ಆಸ್ಪತ್ರೆಯ ಮುಲಾಮು?
"ಬಿಡಬೇಡ. ಅವರದು ಹೊರಗಿನ ಚಾಕರಿ, ನನ್ನದು ಒಳಗಿನದು.
ನಮ್ಮಲ್ಲಿ ಜಗಳವಿಲ್ಲ."

ರೋಗಿ ಬಯಸಿದ್ದೂ ವೈದ್ಯ ಹೇಳಿದ್ದೂ ಒಂದೇ ಆಗುವ ಭಾಗ್ಯ
ಹಾಲು ಅನ್ನದವರದು.
ನಾನು ಬಯಸಿದ್ದು
ಉಪ್ಪಾಗೆ ಹುಳಿಯಲ್ಲಿ ಕಪ್ಪಗೆ ಬೆಂದ
ಕೇದರ ಮೀನಿನ ಒಂದೇ ಒಂದು ತುಂಡು.

ಮೊದಲ ವಾರ ಗಂಜಿಗೆ ಶಾಪ ಹಾಕಿದೆ.
ಅಷ್ಟರಲ್ಲಿ ಉಪವಾಸದ ಕಾಲ ಬಂತು.
ಶುಕ್ರವಾರ ಮಾಂಸ ಬಿಡಿ, ಮೀನಾದರೆ ಸರಿ, ಎಂದರು ಪಾದ್ರಿ.
ಮೀನೂ ಬಿಡು ಎಂದಿದ್ದಾರೆ ವೈದ್ಯರು.
ಎರಡು ಸ್ವರ್ಗಗಳ ನಡುವೆ ಕೂತು
ನಾನು ಪಡವಲಕಾಯಿ ಹೆಚ್ಚಿದೆ.

ಹಿಲರಿ ದೋಣಿಯಲ್ಲೇ ಉಂಡು ಬರುತ್ತಾನೆ ಈಗ.
ನಿಂಬೆಹಣ್ಣಿನಲ್ಲಿ ಕೈ ತಿಕ್ಕಿ,
ಹಸಿವಿಲ್ಲ ಎಂದು ಸುಳ್ಳು ಹೇಳಿ,
ನನ್ನ ಗಂಜಿಯಲ್ಲಿ ಪಾಲು ಕೇಳುತ್ತಾನೆ.
ಅವನ ಮೀಸೆ ಎಲ್ಲವನ್ನೂ ಹೇಳುತ್ತದೆ.
ನಾನು ಕೇಳಿಸಿಕೊಳ್ಳುವುದಿಲ್ಲ.

ಸರಕಿನ ಉಪ್ಪು ನೋಡುವುದಕ್ಕೆ ನಾಲಿಗೆ ಬೇಕಲ್ಲ,
ಮೊಮ್ಮಗಳು ದಿನುಷಿಯನ್ನು ಕೂರಿಸಿದೆ.
ಒಂದು ಚೂರು ಚೀಪಿ, ಮುಖ ಹಿಂಡಿ,
"ಅಜ್ಜಿ, ಇದು ಸಮುದ್ರಕ್ಕಿಂತ ಜಾಸ್ತಿ" ಅನ್ನುತ್ತಾಳೆ.
ಆರು ವರ್ಷದ ನಾಲಿಗೆ
ನಮ್ಮ ಅಂಗಡಿಯ ತಕ್ಕಡಿ.

ಒಮ್ಮೆ ತಪ್ಪಿದೆ.
ನಲವತ್ತೊಂದನೆಯ ದಿನ, ಒಲೆಯ ಹಿಂದೆ, ನಿಂತೇ,
ಸುಟ್ಟ ಒಣಮೀನು, ಬಾಲದ ಕಡೆಯದು.
ಆ ರಾತ್ರಿ ಬೆನ್ನು ಉರಿಯಿತು,
ಮೀನಿಗೋ, ಕದ್ದದ್ದಕ್ಕೋ,
ಇವತ್ತಿಗೂ ಹೇಳಲಾರೆ.
ವೈದ್ಯರಿಗೆ ಒಪ್ಪಿಸಿದೆ. ಬೈಯಲಿಲ್ಲ.
"ರುಚಿಯಾಗಿತ್ತೇ?" ಎಂದಷ್ಟೇ ಕೇಳಿದರು.

ಐದು ತಿಂಗಳಾಯಿತು.
ಮೊಣಕೈ ಸುಮ್ಮನಾಗಿದೆ, ಬಣ್ಣ ಮಾತ್ರ ಬೇರೆ,
ತೇಪೆ ಹಾಕಿದ ಹಾಯಿಯಂತೆ.
ಬೆನ್ನು ಒಂದು ವಾರ ನನ್ನದು, ಒಂದು ವಾರ ಅದರದು.
ಮೊಣಕಾಲು ಇನ್ನೂ ಮೀನೇ.
ವಾಸಿಯಾಯಿತೇ ಎಂದರೆ ಇಲ್ಲ.
ನಿದ್ದೆ ಬರುತ್ತದೆ.
ನಾಣ್ಯ ಇನ್ನೂ ಮೇಲಿನಿಂದಲೇ ಬೀಳುತ್ತದೆ,
ಹಿಡಿಯುವುದರಲ್ಲಿ ಕೈ ಪಳಗಿದೆ.

ಕಳೆದ ಸಲ ಎದ್ದು ಹೊರಡುವಾಗ ಕೇಳಿದೆ:
"ವೆದಮಹತ್ತಯ, ಮೂಗಿಗೂ ಪಥ್ಯ ಉಂಟೇ?"
ಬಹಳ ಹೊತ್ತು ಮಾಡನ್ನು ನೋಡಿದರು.
"ಎಲ್ಲೂ ಬರೆದಿಲ್ಲ" ಅಂದರು.

ಅದಕ್ಕೇ ಸಂಜೆ,
ಚಾಪೆ ಸುತ್ತಿ, ಕಾಗೆಗಳು ಇಗರ್ಜಿಯ ಕಡೆ ಹಾರಿದ ಮೇಲೆ,
ಬುಟ್ಟಿಯ ಮುಚ್ಚಳ ತುಸುವೇ ಸರಿಸಿ
ಮುಖ ಬಗ್ಗಿಸುತ್ತೇನೆ.
ಕಟ್ಟಿದ ಬಾಯಿ ಕಟ್ಟಿದ ಹಾಗೆಯೇ
ಒಂದು ಉಸಿರು,
ಇನ್ನೊಂದು.