ಆರು ಗಂಟೆ ಬಾಕಿ

ಕಾಜೂಬಾಗದ ನನ್ನ ಟಿಕೆಟ್ ಅಂಗಡಿಗೆ
ಮೀನು ಮಾರಿ ಮುಗಿದ ಮೇಲೆ ಬರುತ್ತಾಳೆ ಶೇವಂತಿ ತಾಂಡೇಲ.
ಬುಟ್ಟಿ ಹೊರಗೆ, ಚಪ್ಪಲಿ ಹೊರಗೆ,
ಗಂಡನ ಟಿಕೆಟ್ಟಿನ ಹಾಳೆ ಮಾತ್ರ ಒಳಗೆ;
ಬಿಚ್ಚಿದರೆ ಮಡಿಕೆಯಲ್ಲೊಂದು ಹುರುಪೆ.

‘ದೋಹಾದಿಂದ ಸಾವೊ ಪಾವ್ಲೊ. ಮತ್ತೊಮ್ಮೆ ಓದಿ.’

ಹನ್ನೊಂದು ಸಾವಿರದ ಎಂಟುನೂರು ಕಿಲೋಮೀಟರು.
ಹದಿನಾಲ್ಕು ಗಂಟೆ ನಲವತ್ತು ನಿಮಿಷ.
ನಡುವೆ ಇಳಿಯುವುದಿಲ್ಲ. ಊಟ ಎರಡು ಸಲ.

‘ಇಲ್ಲಿಂದ ಹುಬ್ಬಳ್ಳಿ ಎಷ್ಟು?’
ನೂರ ಅರವತ್ತೈದು.
ಬೆರಳ ಗೆಣ್ಣುಗಳಲ್ಲಿ ಹುಬ್ಬಳ್ಳಿಯ ಮೇಲೆ ಹುಬ್ಬಳ್ಳಿ ಇಡುತ್ತ ಹೋದಳು.
ಗೆಣ್ಣು ಮುಗಿದವು. ನಾನೇ ಕ್ಯಾಲ್ಕುಲೇಟರ್ ಒತ್ತಿ ಹೇಳಿದೆ:
ಎಪ್ಪತ್ತೊಂದು ಹುಬ್ಬಳ್ಳಿ,
ಅರಬೈಲ ಘಟ್ಟ ಒಂದೂ ಇಲ್ಲದೆ.

ಅವನು ಹಾರಿದ ದಿನ
ಕಾಳಿ ಸೇತುವೆಯಡಿ ನೀರು ಏರಿತು, ಇಳಿಯಿತು,
ಮತ್ತೆ ಏರತೊಡಗಿದಾಗ ಫೋನು ಬಂತಂತೆ: ಮುಟ್ಟಿದೆ.
‘ಅಂದರೆ ಹದಿನಾಲ್ಕೂ ಚಿಲ್ಲರೆ ಖರೆ.
ಮತ್ತೆ ನಿಮ್ಮ ಹಾಳೆಯಲ್ಲಿ
ಬೆಳಗ್ಗೆ ಎಂಟಕ್ಕೆ ಹೊರಡೋದು,
ಸಂಜೆ ಐದಕ್ಕೆ ಇಪ್ಪತ್ತು ಕಮ್ಮಿ ಇರುವಾಗ ಇಳಿಯೋದು,
ತಾರೀಕೂ ಅದೇ.
ತೂಕದಲ್ಲಿ ಆರು ಕಮ್ಮಿ ಅಲ್ದಾ? ಎಲ್ಲಿ ಹೋಯ್ತು?’

ತಕ್ಕಡಿ ಹಿಡಿದ ಕೈ ಅದು. ನಾನು ತಡವರಿಸಿದೆ.
ಸೂರ್ಯನ ಬೆನ್ನು ಹಿಡಿದು ಹಾರ್ತದೆ ಎಂದೆ, ಭೂಮಿ ತಿರುಗ್ತದೆ ಎಂದೆ,
ಪೇಪರ್‌ವೇಟ್ ತಿರುಗಿಸಿಯೂ ತೋರಿಸಿದೆ.
ನಾನೇನು ಬಲ್ಲೆ! ನಾನು ಹತ್ತಿದ ವಿಮಾನ ಒಂದೇ,
ಕಡಲ ದಂಡೆಯಲ್ಲಿ ನಿಲ್ಲಿಸಿಟ್ಟ ಹಳೆಯ ಟುಪೊಲೆವ್,
ರೆಕ್ಕೆ ಬೇರೆ ಮೈ ಬೇರೆಯಾಗಿ ಲಾರಿಯಲ್ಲಿ ಬಂದದ್ದು.
ಈ ಬಾಗಿಲಿಂದ ಹೊಕ್ಕು ಆ ಬಾಗಿಲಿಂದ ಇಳಿದೆ.
ದೂರ: ಸೊನ್ನೆ. ಸಮಯ: ಇಪ್ಪತ್ತು ನಿಮಿಷ,
ಅದರಲ್ಲಿ ಕ್ಯೂ ಹದಿನೈದು.

ಅವಳು ನಗಲಿಲ್ಲ.
‘ಹೋಗೋದು ಒಂದು ದಿನ,
ಬರೋದು ಒಂಬತ್ತು ತಿಂಗಳು.
ದೂರ ಒಂದೇ ಅಲ್ದಾ ಮಾರಾಯ್ರೇ?’

ಅದಕ್ಕೆ ನನ್ನ ಕಂಪ್ಯೂಟರಿನಲ್ಲಿ ಕಾಲಂ ಇಲ್ಲ.

ಹೋದ ವಾರ ಬಂದಳು, ಹಾಳೆಯಿಲ್ಲದೆ.
ಹಡಗು ಸಕ್ಕರೆ ಹೇರಿಕೊಂಡು ಮೂಡಣಕ್ಕೆ ಹೊರಟಿದೆಯಂತೆ.
ಇಂಜಿನ್ ರೂಮಿನ ಎಣ್ಣೆಗೈ ಒರೆಸಿಕೊಳ್ಳುತ್ತ ಗಂಡ ಹೇಳಿದನಂತೆ:
ಎರಡು ಮೂರು ರಾತ್ರಿಗೊಮ್ಮೆ ಇಲ್ಲಿ
ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುತ್ತಾರೆ.
ಎಲ್ಲಿಂದ ತರುತ್ತಾರೆ ಆ ಗಂಟೆಯನ್ನು?
ಮಲಗಿದವರ ನಿದ್ದೆಯಿಂದಲೇ.

‘ಸಿಕ್ಕಿತು ನೋಡಿ ನಿಮ್ಮ ಆರು ಗಂಟೆ,’ ಎಂದಳು,
‘ಕಂತಿನ ಮೇಲೆ ಕಟ್ಟುತ್ತಾ ಇದ್ದಾರೆ.
ನಾಲ್ಕು ತೀರಿತು. ಎರಡು ಬಾಕಿ.
ಗೋವಾದಿಂದ ಹಾರಿದ್ದಕ್ಕೆ ಎರಡೂವರೆ ಬೇರೆ.’

ಬುಟ್ಟಿ ತಲೆಗಿಟ್ಟು ಬೈತಖೋಲದ ಕಡೆ ನಡೆದಳು.

ನನ್ನ ಗೋಡೆಯ ಗಡಿಯಾರ
ಮೊದಲಿಂದಲೂ ಐದು ನಿಮಿಷ ಮುಂದು.
ಯಾರ ನಿದ್ದೆಯದೋ.