ಎತ್ತರಾ

ಆರೂವರೆಗೆ ಹಾಸ್ಟೆಲ್ಲಿನ ಬಚ್ಚಲಲ್ಲಿ ನರಗಳ ಹೆಸರು ಮಣಮಣ.
ಸೆಲ್ವಿ ಬಾಗಿಲು ಬಡೀತಾಳೆ:
ತೋಳು ಮುಗೀತಾ, ಇನ್ನೂ ಕಾಲಿಗೆ ಇಳಿದಿಲ್ವಾ?
ಏಪ್ರನ್ನಿನ ಜೇಬಲ್ಲಿ ಗೋನಿಯೋಮೀಟರು, ಪೆನ್ನು,
ಅರ್ಧ ಕಡಲೆಮಿಠಾಯಿ.
ಟೊಮ್ಯಾಟೊ ಲಾರಿಗಳ ಸಾಲು ದಾಟಿ
ಆಟೋ ಆಸ್ಪತ್ರೆ ಮುಟ್ಟುವಷ್ಟರಲ್ಲಿ
ಮಾರ್ಕೆಟ್ಟಲ್ಲಿ ಹರಾಜು ಅರ್ಧ ಮುಗಿದಿರುತ್ತೆ.

ನೋವಿಗೆ ಕೋಲಾರದಲ್ಲಿ ನಾಲ್ಕು ಹೆಸರು.
ದರ್ದ್ ಬಂದರೆ ಜಬೀನ್, ವಲಿ ಬಂದರೆ ಸೆಲ್ವಿ,
ನೋವು ನನಗೆ.
ನೊಪ್ಪಿ ಅಂದವರ ಮುಂದೆ ಮಾತ್ರ
ನಾನು ಹಿರಿಯೂರಿನ ಬಾಯಿಲ್ಲದ ಹುಡುಗಿ.
ಆಮೇಲೆ ಗೊತ್ತಾಯಿತು,
ನೊಂದ ಜಾಗ ಮುಟ್ಟಿದರೆ ಎಲ್ಲರೂ ಹೇಳುವುದು ಒಂದೇ:
ಸ್ಸ್.

ನಾಲ್ಕೂವರೆ ವರ್ಷ ಮಸಾಜು ಕಲಿಯೋದಾ, ಕೇಳಿದ್ದರು ಚಿಕ್ಕಪ್ಪ.
ನಾನು ಅವರ ಮೊಣಕಾಲು ನೋಡಿ ಸುಮ್ಮನಿದ್ದೆ.
ಬರುತ್ತಾರೆ, ಇನ್ನೆರಡು ವರ್ಷ.

ತೆಲುಗು ಕಲಿತದ್ದು ಭಾನುವಾರ,
ಬಸ್‌ಸ್ಟ್ಯಾಂಡ್ ಹಿಂದಿನ ಟಾಕೀಸಲ್ಲಿ,
ಮೂವರಿಗೆ ಎರಡು ಪಾಪ್‌ಕಾರ್ನ್.
ನಮ್ಮಂಥವರನ್ನು ಸಿನಿಮಾಗೆ ಬಿಡಬಾರದು.
ಗುಂಡು ಬಿದ್ದದ್ದು ಎಡತೊಡೆಗೆ, ಕುಂಟುತ್ತಿರುವುದು ಬಲಗಾಲು,
ಜಬೀನ್ ಕತ್ತಲಲ್ಲೇ ಮಾರ್ಕು ಕಳೆಯುತ್ತಾಳೆ.
ಆರು ತಿಂಗಳು ಕೋಮಾದಲ್ಲಿದ್ದವನು ಎದ್ದವನೇ ಗೋಡೆ ಹಾರಿದ.
ಇವನ ಫಿಸಿಯೋ ಯಾರಪ್ಪಾ, ಸೆಲ್ವಿ ಕೂಗಿದಳು.
ಹಿಂದಿನ ಸಾಲು ಶ್ಶ್ ಅಂದಿತು.

ಪಿಳ್ಳಪ್ಪ, ಐವತ್ತೆಂಟು, ಮಾರ್ಕೆಟ್ಟಿನ ಹಮಾಲಿ.
ಬಲಭುಜ ಬಿಗಿದುಕೊಂಡು ಎಪ್ಪತ್ತಕ್ಕೇ ನಿಲ್ಲುತ್ತದೆ.
ಮೇಣದ ವಾಸನೆ, ಪರದೆಯಾಚೆ ಯಾರದೋ ಕೆಮ್ಮು.
ಧೈರ್ಯ ಮಾಡಿ ನನಗೆ ಬರುವ ತೆಲುಗಲ್ಲಿ ಅಂದೆ,
ನಾಯಕ ಖಳನಿಗೆ ಅನ್ನುವ ಅದೇ ಗತ್ತಲ್ಲಿ:
ಚೆಯ್ಯಿ ಎತ್ತರಾ!

ಪ್ಯಾರಲಲ್ ಬಾರಿನ ನಡುವೆ ಅಜ್ಜಿಯೊಬ್ಬರು ನಿಂತೇಬಿಟ್ಟರು.
ಎತ್ತಂಡಿ ಅನ್ನಬೇಕಂತೆ, ಅಪ್ಪನ ವಯಸ್ಸಿನವರಿಗೆ.
ನನಗೇನು ಗೊತ್ತು,
ತೆರೆಯ ಮೇಲೆ ಯಾರೂ ಯಾರಿಗೂ ಅಂಡಿ ಅನ್ನುವುದಿಲ್ಲ.
ಪಿಳ್ಳಪ್ಪ ಕಣ್ಣಲ್ಲಿ ನೀರು ಬರುವಂತೆ ನಕ್ಕರು,
ಒರೆಸಿಕೊಳ್ಳಲು ಕೈ ತಾನೇ ಎದ್ದಿತು, ಅದೇ ಕೈ.
ಅಳೆದೆ. ಎಂಬತ್ತೆರಡು.
ಕನ್ನಡ ಬರತ್ತೆ ಕಣಮ್ಮ, ಅಂದರು ಆಮೇಲೆ.

ಎಲ್ಲ ದಿನವೂ ಹೀಗಲ್ಲ.
ಬುಧವಾರ ಐಸಿಯುನಲ್ಲಿ ಅಂಗೈ ಬಟ್ಟಲು ಮಾಡಿ
ಗಂಗುಲಮ್ಮನ ಬೆನ್ನು ತಟ್ಟಿದೆ.
ಕಫ ಸಡಿಲಾಯಿತು. ಕೂಸು ಮಲಗಿಸಿದಂಗೆ ತಟ್ತೀಯ, ಅಂದರು.
ಗುರುವಾರ ಆ ಮಂಚಕ್ಕೆ ಹೊಸ ಬೆಡ್‌ಶೀಟು.
ಸಂಜೆ ಯಾರೂ ಯಾರನ್ನೂ ಕೇಳದೆ ಮೂವರೂ ಸಿನಿಮಾಗೆ ಹೋದೆವು.
ನಗುವ ದೃಶ್ಯಕ್ಕೆ ಎಲ್ಲರೂ ಚಪ್ಪಾಳೆ ಹೊಡೆದರು,
ನನ್ನದು ಮಾತ್ರ ಪೊಳ್ಳು ಸದ್ದು.
ಅಂಗೈ ಇನ್ನೂ ಬಟ್ಟಲಾಗಿಯೇ ಇತ್ತು.

ಜುಲೈಯಲ್ಲಿ ಪಿಳ್ಳಪ್ಪ ಬರಲಿಲ್ಲ. ಫೈಲಿನಲ್ಲಿ ಮೂರು ವಾರ ಗೈರು.
ಸಿಕ್ಕಿದ್ದು ಟಾಕೀಸಲ್ಲೇ, ಇಂಟರ್‌ವಲ್ಲಿನಲ್ಲಿ,
ಎಡಗೈಲಿ ಸೋಡಾ, ನನ್ನ ಕಂಡು ಕಂಬದ ಹಿಂದೆ ಸರಿದರು.
ಸೀಸನ್ನು ಕಣಮ್ಮ.
ಬಾಕ್ಸಿನ ಲೆಕ್ಕದಲ್ಲಿ ಕೂಲಿ, ಬೆಳಗಿನ ಹೊತ್ತು ನಿಮ್ಮಲ್ಲಿ ಕೂತರೆ
ಯಾರು ಕೊಡ್ತಾರೆ?
ನನ್ನಲ್ಲಿ ಉತ್ತರವಿರಲಿಲ್ಲ, ಹತ್ತು ನಿಮಿಷವಿತ್ತು.

ಸುಣ್ಣದ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದೆ,
ಮುಂದೆ ಬರುವ ಚಿತ್ರದ ಪೋಸ್ಟರಿನೆದುರು.
ಬೆರಳು ಇರುವೆಯ ಹಾಗೆ ಹತ್ತಬೇಕು, ಭುಜ ಎಗರಿಸಬಾರದು.
ಬೆಲ್ಟು, ಬಿಚ್ಚಿದ ಗುಂಡಿ, ಸರ,
ಗಡ್ಡದ ಹತ್ತಿರ
ಸ್ಸ್.
ಕಡಲೆಕಾಯಿಯವನು ಬಂದು ನಿಂತ, ಹುಡುಗರು ನಿಂತರು,
ಒಬ್ಬ ಶಿಳ್ಳೆ ಹೊಡೆದ.
ಅನ್ನಮ್ಮ ಒಂದ್ಸಲ, ಅಂದರು ಪಿಳ್ಳಪ್ಪ ಗೋಡೆಗೇ,
ಹಂಗೇ ಅನ್ನು, ಅಂಡಿ ಗಿಂಡಿ ಬೇಡ.

ಅಂದೆ.
ಮೂಗಿನವರೆಗೆ ಹೋಯಿತು.

ಗೋನಿಯೋಮೀಟರು ಹಾಸ್ಟೆಲ್ಲಲ್ಲಿ, ತೊಳೆಯಲು ಹಾಕಿದ ಏಪ್ರನ್ನಿನಲ್ಲಿ.
ಬೆಲ್ಲಾಯಿತು, ಎಲ್ಲರೂ ಒಳಗೆ ಓಡಿದರು.
ಶುಕ್ರವಾರ ಈ ಪೋಸ್ಟರು ಕಿತ್ತು ಹಾಕುತ್ತಾರೆ,
ಬರುವ ನಾಯಕನಿಗೆ ಮೂಗು ಎಲ್ಲಿರುತ್ತೋ ಏನೋ.
ಪೋಸ್ಟರಿನ ಪಕ್ಕ, ಸುಣ್ಣದ ಮೇಲೆ,
ಪೆನ್ನಿಂದ ಒಂದು ಸಣ್ಣ ಗೀಟು ಎಳೆದು ಬಂದೆ.